ಚೆನ್ನಾಗಿದೆ ಸರಿ, ಯಾರ ಮನೇದು?

1/10
ಹೋದ ವಾರ ಒಂದು ಹಳೇ ಪಿಂಗಾಣಿ ಹೂಜಿಯ ಚಿತ್ರ ಸ್ಟೋರಿಗೆ ಹಾಕಿ "ಇದು ಯಾರ್ಯಾರ ಕೈ ದಾಟಿ ಬಂದಿದೆ ಗೊತ್ತಾ?" ಅಂತ ಕೇಳಿದ್ದೆ. ನಮ್ಮ ಕ್ಲಾಸಿನವರೇ ಒಬ್ಬರು ಬರೆದ್ರು: "ಯಾರದಾದ್ರೆ ಏನು ಗುರು, ಚೆನ್ನಾಗಿದೆ ತಾನೆ? ಲೈಕ್ ಒತ್ತಿ ಮುಂದೆ ಹೋಗು." ಅದನ್ನ ಓದಿ ಇನ್ನೂ ಹನ್ನೊಂದು ಜನ "ಕರೆಕ್ಟ್" ಅಂದ್ರು.

ಹೆಸರು ಹೇಳಲ್ಲ, ಕೋಪಾನೂ ಇಲ್ಲ. ಆದ್ರೆ ಒಪ್ಪಲ್ಲ. ಈ ಹತ್ತು ಪೋಸ್ಟು ಆ ಒಂದು ಸಾಲಿಗೆ ಉತ್ತರ.

ನಾವು ಬಿಕಾಂ ಓದ್ತಿರೋರು. ಹತ್ತು ರೂಪಾಯಿ ಪೆನ್ನು ಕೊಂಡ್ರೂ ವೋಚರ್ ಎಲ್ಲಿ ಅಂತ ಕೇಳೋದು ನಮಗೆ ಕಲಿಸಿದ್ದಾರೆ. ಅದೇ ನಾವು ಏಳುನೂರು ವರ್ಷದ ಒಂದು ಪಾತ್ರೆ ಮುಂದೆ ನಿಂತಾಗ ಮಾತ್ರ "ವಾವ್" ಅಂದು ಸುಮ್ಮನಾಗ್ತೀವಿ. ಯಾಕೆ?

ನನ್ನ ವಾದ ಇಷ್ಟೇ. ಒಂದು ಹಳೇ ವಸ್ತು ಯಾರಿಂದ ಯಾರಿಗೆ ಹೋಯ್ತು ಅನ್ನೋ ಲೆಕ್ಕ ಅದರ ಅಲಂಕಾರ ಅಲ್ಲ, ಅದರ ಅರ್ಧ ಜೀವ. ಆ ಲೆಕ್ಕ ಅಳಿಸೋದೂ ಒಂದೇ, ವಸ್ತು ಒಡೆಯೋದೂ ಒಂದೇ. ಬೇಡ ಅನ್ಸಿದ್ರೆ ಇಲ್ಲೇ ಸ್ಕ್ರೋಲ್ ಮಾಡಿ ಹೋಗಿ. ಇರೋರು ಬನ್ನಿ, ಮೊದಲು ಹೂಜಿ ನೋಡೋಣ.

2/10
ಹೂಜಿ ಇರೋದು ಐರ್ಲೆಂಡಿನ ಡಬ್ಲಿನ್‌ನಲ್ಲಿ, ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ. ಹೆಸರು ಫಾಂಟ್‌ಹಿಲ್ ವಾಸ್. ಒಂದಡಿಗೂ ಕಡಿಮೆ ಎತ್ತರ. ತೆಳು ನೀಲಿ ಛಾಯೆಯ ಬಿಳಿ ಪಿಂಗಾಣಿ, ಕೆಳಗೆ ದುಂಡಗೆ, ಮೇಲೆ ಸಣ್ಣ ಕತ್ತು. ಮೈ ಮೇಲೆ ಉಬ್ಬು ಹೂಗಳು, ಮಣಿ ಪೋಣಿಸಿದ ಹಾಗೆ ಸಾಲು ಸಾಲು ಚುಕ್ಕಿ.

ಮಾಡಿದ್ದು ಚೀನಾದ ಜಿಂಗ್‌ಡೆಜೆನ್ ಅನ್ನೋ ಊರಲ್ಲಿ, ಸುಮಾರು 1300ರ ಆಸುಪಾಸಲ್ಲಿ. ಆಗ ಚೀನಾ ಆಳ್ತಿದ್ದವರು ಮಂಗೋಲರ ಯುವಾನ್ ವಂಶ. ಯುರೋಪಿನವರಿಗೆ ಇಂಥ ಪಿಂಗಾಣಿ ಮಾಡೋಕೆ ಇನ್ನೂ ನಾನೂರು ವರ್ಷ ಬರಲ್ಲ. ಜರ್ಮನಿಯ ಮೈಸೆನ್‌ನಲ್ಲಿ ಕಾರ್ಖಾನೆ ಶುರುವಾಗಿದ್ದು 1710ರಲ್ಲಿ. ಅಂದ್ರೆ ಈ ಹೂಜಿ ಅಲ್ಲಿಗೆ ತಲುಪಿದಾಗ ಜನ ಅದನ್ನ ಹೆಚ್ಚುಕಮ್ಮಿ ಪವಾಡದ ತರ ನೋಡಿರಬೇಕು.

ಚೀನಾದಿಂದ ಯುರೋಪಿಗೆ ಹೋದ ಪಿಂಗಾಣಿಗಳಲ್ಲಿ, ದಾಖಲೆ ಇರೋದ್ರಲ್ಲಿ ಇದೇ ಅತ್ಯಂತ ಹಳೇದು ಅಂತ ಹೇಳ್ತಾರೆ. "ದಾಖಲೆ ಇರೋದ್ರಲ್ಲಿ" ಅನ್ನೋ ಎರಡು ಪದ ಗಮನಿಸಿ. ಇದಕ್ಕಿಂತ ಮೊದಲು ಹೋದವು ಇರಬಹುದು. ಆದ್ರೆ ಲೆಕ್ಕ ಉಳಿದಿರೋದು ಇದಕ್ಕೆ. ಹೆಸರು ಬಂದಿದ್ದೂ ಅದಕ್ಕೇ.

3/10
ಮೊದಲು ಗೊತ್ತಾಗೋ ಮಾಲೀಕ ಹಂಗೇರಿಯ ದೊರೆ ಲೂಯಿ. 1342ರಿಂದ 1382ರವರೆಗೆ ಆಳಿದವನು. ಅವನ ಕೈಗೆ ಹೇಗೆ ಬಂತು? 1338ರಲ್ಲಿ ಚೀನಾದ ಕಡೆಯಿಂದ ಪೋಪ್ ಬಳಿಗೆ ಒಂದು ನಿಯೋಗ ಹೋಗಿತ್ತು, ಅವರ ಜೊತೆ ಬಂದಿರಬಹುದು ಅನ್ನೋದು ಒಂದು ಊಹೆ. ಊಹೆಯನ್ನ ಊಹೆ ಅಂತಲೇ ಬರೀಬೇಕು. ಇದೂ ಲೆಕ್ಕದ ಮರ್ಯಾದೆ.

ಹಂಗೇರಿಯಲ್ಲಿ ಏನಾಯ್ತು ಅಂದ್ರೆ, ಬರೀ ಬಾಟಲಿ ತರ ಇದ್ದ ಪಾತ್ರೆಗೆ ಚಿನ್ನದ ಲೇಪ ಕೊಟ್ಟ ಬೆಳ್ಳಿಯ ಪಾದ, ಹಿಡಿ, ಸೊಂಡಿಲು, ಮುಚ್ಚಳ ಕೂರಿಸಿದ್ರು. ಹಾಗೆ ಅದು ಹೂಜಿ ಆಯ್ತು. ಬೆಳ್ಳಿ ಮೇಲೆ ಎನಾಮಲ್‌ನಲ್ಲಿ ರಾಜಲಾಂಛನ ಬರೆಸಿದ್ರು. 1381ರಲ್ಲಿ ನೇಪಲ್ಸ್‌ನ ದೊರೆಯಾದ ಮೂರನೇ ಚಾರ್ಲ್ಸ್‌ಗೆ ಇದು ಉಡುಗೊರೆಯಾಗಿ ಹೋಯ್ತು ಅಂತ ಹೇಳ್ತಾರೆ. ಆಮೇಲೆ ಬಹಳ ಕಾಲ ಕಳೆದು ಫ್ರಾನ್ಸ್‌ನಲ್ಲಿ ಕಾಣಿಸುತ್ತೆ, ಹದಿನಾಲ್ಕನೇ ಲೂಯಿಯ ಮಗನ ಸಂಗ್ರಹದಲ್ಲಿ.

ಈಗ ನಮ್ಮ ಭಾಷೆಗೆ ಬನ್ನಿ. ಪಿಂಗಾಣಿ ಅನ್ನೋದು ಸರಕು. ಅದರ ಮೇಲಿದ್ದ ಬೆಳ್ಳಿ, ಲಾಂಛನ ಇದೆಯಲ್ಲ, ಅದು ಲೆಡ್ಜರ್. "ಇಂಥವರ ಮನೇಲಿತ್ತು" ಅಂತ ವಸ್ತುವಿನ ಮೈಗೇ ಅಂಟಿಸಿದ ಎಂಟ್ರಿ. ಸರಕು, ಲೆಡ್ಜರ್ ಎರಡೂ ಒಟ್ಟಿಗೆ ಓಡಾಡ್ತಿದ್ದ ಕಾಲ ಅದು.

ಆದ್ರೆ ಆ ಲೆಡ್ಜರಿನಲ್ಲೂ ಒಂದು ಹೆಸರು ಇಲ್ಲ. ಜಿಂಗ್‌ಡೆಜೆನ್‌ನಲ್ಲಿ ಮಣ್ಣು ಕಲಸಿ, ಚುಕ್ಕಿ ಚುಕ್ಕಿ ಅಂಟಿಸಿ, ಭಟ್ಟಿ ಕಾದವನ ಹೆಸರು. ಕೊಟ್ಟ ದೊರೆಗಳ ಹೆಸರಿದೆ, ಇಸ್ಕೊಂಡ ದೊರೆಗಳ ಹೆಸರಿದೆ. ಮೊದಲನೇ ಎಂಟ್ರಿನೇ ಖಾಲಿ. ಇದನ್ನ ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

4/10
ಈ ಕಥೆಯ ಹೀರೋ ದೊರೆ ಅಲ್ಲ. ಗೇನ್ಯೇರ್ ಅನ್ನೋ ಒಬ್ಬ ಫ್ರೆಂಚ್ ಸಂಗ್ರಾಹಕ.

ಆ ಮನುಷ್ಯನಿಗೆ ಒಂದು ಹುಚ್ಚು. ಸಮಾಧಿ, ಬಣ್ಣದ ಗಾಜು, ಹಳೇ ಪತ್ರ, ಹಳೇ ಪಾತ್ರೆ, ಏನೇ ಕಂಡ್ರೂ ಅದರ ಚಿತ್ರ ಬರೆಸೋದು, ನಕಲು ಮಾಡಿಸಿ ಇಡೋದು. ಈ ಹೂಜಿಯ ಬಣ್ಣದ ಚಿತ್ರಾನೂ 1713ರ ಹೊತ್ತಿಗೆ ಆ ಸಂಗ್ರಹ ಸೇರಿತು. ಪಾದ, ಹಿಡಿ, ಸೊಂಡಿಲು, ಮುಚ್ಚಳ, ಲಾಂಛನ, ಎಲ್ಲಾ ಇರೋ ಚಿತ್ರ. ಅದು ಈಗಲೂ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ನಾನು ಸ್ಟೋರಿಗೆ ಹಾಕಿದ್ದು ಅದೇ ಚಿತ್ರ.

ಆ ಕಾಲದವರು ಅವನಿಗೂ ಕೇಳಿರಬಹುದು: "ಹೂಜಿ ಕಣ್ಮುಂದೆನೇ ಇದೆಯಲ್ಲಪ್ಪಾ, ಚಿತ್ರ ಯಾಕೆ?" ಯಾಕೆ ಅನ್ನೋದು ನೂರು ವರ್ಷ ಆದ್ಮೇಲೆ ಗೊತ್ತಾಯ್ತು.

5/10
ಹದಿನೆಂಟನೇ ಶತಮಾನ ಮುಗಿದು ಹತ್ತೊಂಬತ್ತು ಬರೋ ಹೊತ್ತಿಗೆ ಹೂಜಿ ಇಂಗ್ಲೆಂಡ್ ಸೇರಿತ್ತು. ಮಾಲೀಕ ವಿಲಿಯಂ ಬೆಕ್‌ಫರ್ಡ್. ಆಗಿನ ಇಂಗ್ಲೆಂಡಿನ ದೊಡ್ಡ ಶ್ರೀಮಂತರಲ್ಲಿ ಒಬ್ಬ. ಫಾಂಟ್‌ಹಿಲ್ ಅಬ್ಬೆ ಅಂತ ಆಕಾಶ ಮುಟ್ಟೋ ಗೋಪುರದ ಮನೆ ಕಟ್ಟಿಸಿದ. ಹೂಜಿಗೆ ಈ ಹೆಸರು ಬಂದಿದ್ದು ಅಲ್ಲಿಂದ.

ದುಡ್ಡು ಎಲ್ಲಿಂದ ಬಂತು? ಜಮೈಕಾದ ಕಬ್ಬಿನ ತೋಟಗಳಿಂದ. ಅಲ್ಲಿ ದುಡಿದಿದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು.

1822ರಲ್ಲಿ ಬೆಕ್‌ಫರ್ಡ್ ಸಾಲಕ್ಕೆ ಸಿಕ್ಕು ಮನೆ ಮಾರಿದ. ಕೊಂಡವನು ಜಾನ್ ಫಾರ್ಕರ್. ಅವನ ದುಡ್ಡು ಎಲ್ಲಿಂದ ಬಂತು? ನಮ್ಮ ಬಂಗಾಳದಿಂದ. ಬ್ರಿಟಿಷರಿಗೆ ಸಿಡಿಮದ್ದು ಮಾಡಿಕೊಡೋ ಗುತ್ತಿಗೆ ಹಿಡಿದು ಸಂಪಾದಿಸಿದ್ದು. ಮರುವರ್ಷವೇ, 1823ರಲ್ಲಿ, ಫಾಂಟ್‌ಹಿಲ್ ಸಾಮಾನು ಹರಾಜಾಯ್ತು. ಹೂಜಿಯೂ ಹರಾಜಾಯ್ತು.

"ಯಾರದಾದ್ರೆ ಏನು" ಅಂದಿದ್ರಲ್ಲ. ಇದು ನೋಡಿ "ಏನು" ಅನ್ನೋದು. ಮಾಲೀಕರ ಪಟ್ಟಿ ಓದ್ತಾ ಹೋದ್ರೆ ದೊರೆಗಳ ದರ್ಬಾರು ಅಷ್ಟೇ ಅಲ್ಲ, ಗುಲಾಮರ ಕಬ್ಬಿನ ಗದ್ದೆ, ಹೂಗ್ಲಿ ದಂಡೆಯ ಸಿಡಿಮದ್ದಿನ ಕಾರ್ಖಾನೆ ಎಲ್ಲಾ ಸಿಗುತ್ತೆ. ಗಾಜಿನ ಪೆಟ್ಟಿಗೆಯೊಳಗೆ ತಣ್ಣಗೆ ಕೂತಿರೋ ಬಿಳಿ ಹೂಜಿಗೆ ಇಷ್ಟು ಜನರ ಬೆವರು ಅಂಟಿದೆ. ಬರೀ ಚೆಂದ ನೋಡೋರಿಗೆ ಅದು ಕಾಣಲ್ಲ. ಕಾಣದೇ ಇರೋದೇ ಕೆಲವರಿಗೆ ಅನುಕೂಲ.

6/10
ಈಗ ಹೊಟ್ಟೆ ಉರಿಯೋ ಭಾಗ.

ಆ ಹತ್ತೊಂಬತ್ತನೇ ಶತಮಾನದಲ್ಲೇ ಯಾರೋ ಬೆಳ್ಳಿಯೆಲ್ಲಾ ಕಿತ್ತು ಹಾಕಿದ್ರು. ಪಾದ ಹೋಯ್ತು, ಹಿಡಿ ಹೋಯ್ತು, ಲಾಂಛನ ಹೋಯ್ತು. ಐನೂರು ವರ್ಷದ ಲೆಡ್ಜರ್ ಮಾಯ. ಉಳಿದಿದ್ದು ಬರೀ ಬಾಟಲಿ. 1882ರಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಅರಮನೆಯ ಸಾಮಾನು ಹರಾಜಾದಾಗ ಆ ಬಾಟಲಿ ಮೂವತ್ತು ಪೌಂಡಿಗೂ ಕಡಿಮೆಗೆ ಹೋಯ್ತು. ಕೊಂಡಿದ್ದು ಡಬ್ಲಿನ್ ವಸ್ತುಸಂಗ್ರಹಾಲಯ. ತಾವು ಕೊಂಡಿದ್ದು ಏನು ಅನ್ನೋದು ಅವರಿಗೂ ಆಗ ಗೊತ್ತಿರಲಿಲ್ಲ.

ಎಂಬತ್ತು ವರ್ಷ ಹತ್ತಿರ ಹಾಗೇ ಇತ್ತು. 1961ರಲ್ಲಿ ಆರ್ಥರ್ ಲೇನ್ ಅನ್ನೋ ವಿದ್ವಾಂಸರು ಇದೂ, ಚಿತ್ರದಲ್ಲಿರೋ ಹೂಜಿಯೂ ಒಂದೇ ಅಂತ ಲೇಖನ ಬರೆದು ತೋರಿಸಿದ್ರು. ಸಾಕ್ಷಿ ಏನು? ಗೇನ್ಯೇರ್ ಸಂಗ್ರಹದ ಆ ಚಿತ್ರ.

ಸ್ವಲ್ಪ ಯೋಚಿಸಿ. ವಸ್ತು ಒಡೆದಿರಲಿಲ್ಲ, ಕಳುವಾಗಿರಲಿಲ್ಲ, ಗಾಜಿನ ಹಿಂದೆ ಭದ್ರವಾಗಿತ್ತು. ಆದ್ರೂ ಕಳೆದುಹೋಗಿತ್ತು. ಕಥೆ ಕಳೆದಾಗ ವಸ್ತುವೂ ಕಳೆದುಹೋಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. ಗುಡ್‌ವಿಲ್ ಅನ್ನೋದು ಕಣ್ಣಿಗೆ ಕಾಣದ ಆಸ್ತಿ ಅಂತ ಬಾಯಿಪಾಠ ಮಾಡ್ತೀವಲ್ಲ. ಈ ಹೂಜಿ ಆ ಪಾಠದ ಪ್ರಾಕ್ಟಿಕಲ್.

ಬೆಳ್ಳಿ ಕಿತ್ತವರು ದುಷ್ಟರೇ ಇರಬೇಕಿಲ್ಲ. "ಹಳೇ ತಗಡು, ತೆಗೆದ್ರೆ ಪಿಂಗಾಣಿ ಚೆನ್ನಾಗಿ ಕಾಣುತ್ತೆ" ಅಂದುಕೊಂಡಿರಬಹುದು. ಹೌದು, "ಚೆನ್ನಾಗಿದೆ ತಾನೆ" ಅನ್ನೋದೇ ಅವರ ವಾದಾನೂ ಆಗಿದ್ದಿರಬಹುದು.

7/10
"ಹಾಗಾದ್ರೆ ಕಾಗದ ಇದ್ರೆ ಮುಗೀತಾ?" ಇಲ್ಲ. ಕಾಗದವೂ ಸುಳ್ಳು ಹೇಳುತ್ತೆ. ಇದಕ್ಕೆ ಅಮೆರಿಕದ ಕಥೆ ಕೇಳಿ.

1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಒಂದು ಪುರಾತನ ಗ್ರೀಕ್ ಮಣ್ಣಿನ ಪಾತ್ರೆ ಕೊಂಡಿತು. ಇದು ಹೂಜಿ ಅಲ್ಲ. ವೈನಿಗೆ ನೀರು ಬೆರೆಸೋ ದೊಡ್ಡ ಪಾತ್ರೆ, ಮೂರ್ನಾಲ್ಕು ಕೊಡ ನೀರು ಹಿಡಿಯುತ್ತೆ. ಚಿತ್ರ ಬರೆದವನು ಯೂಫ್ರೋನಿಯೋಸ್, ಕ್ರಿಸ್ತಪೂರ್ವ 515ರ ಸುಮಾರಿಗೆ. ಬೆಲೆ 10 ಲಕ್ಷ ಡಾಲರ್. ಮಾರಿದ ಡೀಲರ್ ರಾಬರ್ಟ್ ಹೆಕ್ಟ್ ಕಾಗದ ಕೊಟ್ಟಿದ್ದ: ಇದು ಲೆಬನಾನಿನ ಒಬ್ಬ ವ್ಯಾಪಾರಿಯದು, 1920ರಿಂದ ಅವರ ಕುಟುಂಬದಲ್ಲೇ ಇತ್ತು ಅಂತ. ಐವತ್ತು ವರ್ಷ ಹಿಂದಿನ ಮಾತು, ಯಾರು ಹೋಗಿ ವೌಚ್ ಮಾಡ್ತಾರೆ?

ನಿಜ ಏನಂದ್ರೆ, ಅದನ್ನ 1971ರ ಕೊನೇಲಿ ಇಟಲಿಯ ಚೆರ್ವೆತೆರಿ ಹತ್ತಿರ ಒಂದು ಗೋರಿಯಿಂದ ಕಳ್ಳರು ಅಗೆದು ತೆಗೆದಿದ್ರು. 1995ರಲ್ಲಿ ಜಿನೀವಾದ ಒಂದು ಗೋದಾಮಿನ ಮೇಲೆ ಪೊಲೀಸ್ ದಾಳಿ ಆಯ್ತು. ಜಾಕೊಮೊ ಮೆಡಿಚಿ ಅನ್ನೋ ಡೀಲರ್ ಇಟ್ಟಿದ್ದ ಸಾವಿರಾರು ಫೋಟೋ ಸಿಕ್ಕವು. ಒಂದೊಂದೇ ಕೊಂಡಿ ಬಿಚ್ಚಿತು. 2004ರಲ್ಲಿ ಮೆಡಿಚಿಗೆ ಶಿಕ್ಷೆ ಆಯ್ತು. ಹೆಕ್ಟ್ ಮೇಲಿನ ಕೇಸು ಮಾತ್ರ ಅವಧಿ ಮುಗಿದು ತೀರ್ಪಿಲ್ಲದೆ ನಿಂತುಹೋಯ್ತು. 2008ರಲ್ಲಿ ಪಾತ್ರೆ ಇಟಲಿಗೆ ವಾಪಸ್ ಹೋಯ್ತು.

ಪಾತ್ರೆ ವಾಪಸ್ ಬಂತು. ಆದ್ರೆ ಗೋರಿಯಲ್ಲಿ ಅದು ಯಾರ ಪಕ್ಕ ಇತ್ತು, ಜೊತೆಗೆ ಏನೇನಿತ್ತು, ಯಾವ ಕಡೆ ಮುಖ ಮಾಡಿ ಇಟ್ಟಿದ್ರು, ಅದೆಲ್ಲಾ ಕಳ್ಳರ ಸಲಿಕೆಯಲ್ಲೇ ಹೋಯ್ತು. ಡಬ್ಲಿನ್ನಿನ ಹೂಜಿಗೆ ಲೆಡ್ಜರ್ ಹರಿದು ಹಾಕಿದ್ರು. ಇದಕ್ಕೆ ಲೆಡ್ಜರ್ ತಿದ್ದಿದ್ರು. ನಷ್ಟ ಎರಡರಲ್ಲೂ ಒಂದೇ.

8/10
ಈಗ ಕಾನೂನು ಹೇಳೋ ಹುಡುಗರಿಗೆ. "ದುಡ್ಡು ಕೊಟ್ಟು ತಗೊಂಡಿದ್ದಾರೆ, ಅವರದೇ ಆಯ್ತಲ್ಲ?"

ಸರಕು ಮಾರಾಟ ಕಾಯ್ದೆ, 1930, ಸೆಕ್ಷನ್ 27. ನಮ್ಮ ಸಿಲಬಸ್ಸಿನಲ್ಲೇ ಇದೆ, ಇಂಟರ್ನಲ್ಸಿಗೆ ಓದಿದ್ದೀರಿ. ಮಾರುವವನಿಗೆ ಇರೋ ಹಕ್ಕಿಗಿಂತ ಹೆಚ್ಚಿನ ಹಕ್ಕು ಕೊಳ್ಳುವವನಿಗೆ ಬರಲ್ಲ. ವಿನಾಯಿತಿಗಳಿವೆ, ಆದ್ರೆ ಮೂಲ ನಿಯಮ ಇದು. ಕದ್ದ ಬೈಕನ್ನ ಐದು ಜನ ಒಬ್ಬರಿಂದ ಒಬ್ಬರು ಪೂರ್ತಿ ದುಡ್ಡು ಕೊಟ್ಟು ಕೊಂಡ್ರೂ ಅದು ಕದ್ದ ಬೈಕೇ. ಬೈಕಿಗೆ ಒಪ್ಪೋ ನಾವು ವಿಗ್ರಹಕ್ಕೆ, ಪಾತ್ರೆಗೆ ಯಾಕೆ ಒಪ್ಪಲ್ಲ?

ಮೆಟ್ರೊಪಾಲಿಟನ್ ಆ ಪಾತ್ರೆ ಕೊಂಡ ವರ್ಷವೇ, 1972ರಲ್ಲೇ, ನಮ್ಮ ದೇಶದಲ್ಲಿ ಪ್ರಾಚೀನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ ಬಂತು. ನೂರು ವರ್ಷಕ್ಕಿಂತ ಹಳೇ ಕಲಾವಸ್ತು ಅದರ ಲೆಕ್ಕಕ್ಕೆ ಬರುತ್ತೆ. ಅಂಥದ್ದನ್ನ ಮಾರೋ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸೋ ಹಾಗಿಲ್ಲ.

ಈ ಕಾಯ್ದೆ ಇದ್ದೂ ನಾವು ಯಾರೂ "ಎಲ್ಲಿಂದ ಬಂತು" ಅಂತ ಕೇಳದೇ ಇದ್ರೆ ಅದು ಪುಸ್ತಕದಲ್ಲೇ ಇರುತ್ತೆ. ಕೇಳೋ ಗಿರಾಕಿ ಇದ್ರೆ ಮಾತ್ರ ಬಿಲ್ ಹುಟ್ಟೋದು.

9/10
ಇದು ನನ್ನ ಮನೆ ಮಾತು. ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಮ್ಮಜ್ಜಿ ಹತ್ರ ಒಂದು ಉಪ್ಪಿನಕಾಯಿ ಜಾಡಿ ಇತ್ತು. ಮೇಲೆ ಕಂದು, ಕೆಳಗೆ ಹಾಲುಬಿಳಿ, ಕತ್ತಿನ ಹತ್ರ ಸಣ್ಣ ಬಿರುಕು. ಅಜ್ಜಿಯ ಅತ್ತೆ ತವರಿನಿಂದ ತಂದಿದ್ದಂತೆ. ಬುಡದಲ್ಲಿ ಕೆಂಪು ಬಣ್ಣದಲ್ಲಿ ಎರಡಕ್ಷರ ಬರೆದಿತ್ತು. ಮದುವೆ ಮನೆಗಳಿಗೆ ಜಾಡಿ ಎರವಲು ಹೋಗ್ತಿತ್ತು, ಅದಲು ಬದಲಾಗಬಾರದು ಅಂತ ಗುರುತು. ಆ ಎರಡಕ್ಷರವೇ ನಮ್ಮ ಮನೆಯ ಲಾಂಛನ.

ಅಜ್ಜಿ ಹೋದ್ಮೇಲೆ ಮನೆ ಖಾಲಿ ಮಾಡುವಾಗ, ಹಳೇ ಸಾಮಾನಿಗೆ ಪ್ಲಾಸ್ಟಿಕ್ ಬಕೆಟ್ ಕೊಡೋರಿಗೆ ನಾವೇ ಕೊಟ್ವಿ. ನಾನೇ ಎತ್ತಿ ಗಾಡೀಲಿ ಇಟ್ಟೆ. ಒಂದು ಫೋಟೋ ತೆಗೀಲಿಲ್ಲ. ಫೋನು ಜೇಬಲ್ಲೇ ಇತ್ತು.

ಹೋದ ತಿಂಗಳು ಊರಲ್ಲಿ ಒಂದು ಅಂಗಡೀಲಿ ಅಂಥದ್ದೇ ಜಾಡಿ ನೋಡಿದೆ. ಕಂದು, ಬಿಳಿ, ಕತ್ತಿನ ಹತ್ರ ಬಿರುಕು. ಚೀಟಿ ಮೇಲೆ "ಅರಮನೆಯದು, 120 ವರ್ಷ" ಅಂತ ಬರೆದಿತ್ತು. ಎಷ್ಟು ಅಂದ್ರೆ 6,500. ಬಿಲ್ಲಿನಲ್ಲಿ ಏನಂತ ಬರೀತೀರಿ ಅಂದೆ. "ಡೆಕೊರೇಟಿವ್ ಐಟಂ" ಅಂದ್ರು. ಗಿರಾಕಿಗೆ ಅರಮನೆ, ಕಾಗದಕ್ಕೆ ಷೋಪೀಸು. ಬುಡ ತಿರುಗಿಸಿ ನೋಡಿದೆ. ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ರು. ಏನೂ ಇರಲಿಲ್ಲ.

ಅದು ನಮ್ಮದೇನಾ? ಗೊತ್ತಿಲ್ಲ. ಇನ್ಯಾವತ್ತೂ ಗೊತ್ತಾಗಲ್ಲ. ಅಂಗಡಿಯವರ ಮೇಲೆ ಸಿಟ್ಟು ಬಂತು. ಬಸ್ಸಲ್ಲಿ ಬರ್ತಾ ಅದರಲ್ಲಿ ಅರ್ಧ ನನ್ನ ಮೇಲೇ ತಿರುಗಿತು. ಬುಡ ಉಜ್ಜಿದ್ದು ಅವರು. ಆದ್ರೆ ಬುಡದಲ್ಲಿ ಏನಿತ್ತು ಅಂತ ಎಲ್ಲೂ ಬರೆದಿಡದೆ ಕೊಟ್ಟಿದ್ದು ನಾನು. ನನ್ನ ಹತ್ರ ಗೇನ್ಯೇರ್ ಮಾಡಿದಂಥ ಒಂದೇ ಒಂದು ಚಿತ್ರ ಇದ್ದಿದ್ರೆ ಸಾಕಿತ್ತು.

10/10
"ನಾವು ಸ್ಟೂಡೆಂಟ್ಸ್, ಆ್ಯಂಟಿಕ್ ಕೊಳ್ಳೋರಾ?" ಅಂತ ಕೇಳ್ತೀರಿ. ಕೊಳ್ಳಲ್ಲ. ಆದ್ರೆ ಲೈಕ್ ಒತ್ತೋದು ನಾವು. "ಅರಮನೆಯದು" ಅನ್ನೋ ರೀಲನ್ನ ಶೇರ್ ಮಾಡೋದು ನಾವು. ಮನೆ ಖಾಲಿ ಮಾಡುವಾಗ ಸಾಮಾನು ಎತ್ತಿ ಕೊಡೋದೂ ನಾವೇ. ಸುಳ್ಳು ಕಥೆಗೆ ಮಾರ್ಕೆಟ್ ಮಾಡೋದೂ, ನಿಜ ಕಥೆ ಗುಜರಿಗೆ ಹಾಕೋದೂ ನಮ್ಮ ಕೈಯೇ.

ಎಲ್ಲಾ ಹಳೇದನ್ನೂ ಇಟ್ಕೊಳ್ಳಿ ಅಂತ ಹೇಳ್ತಿಲ್ಲ. ಬಾಡಿಗೆ ಮನೇಲಿ ಜಾಗ ಎಲ್ಲಿದೆ? ಮಾರಿ, ಕೊಡಿ, ತಪ್ಪಿಲ್ಲ. ಲೆಕ್ಕ ಬರೆದು ಕೊಡಿ ಅಷ್ಟೇ.

ಈ ಭಾನುವಾರ ಒಂದು ಕೆಲಸ ಮಾಡಿ. ಮನೇಲಿ ಇರೋ ಒಂದು ಹಳೇ ಪಾತ್ರೆ ತಗೊಳ್ಳಿ. ಜಾಡಿ, ಚೊಂಬು, ಕಡಾಯಿ, ಯಾವುದಾದ್ರೂ ಸರಿ. ಎದುರಿಂದ ಒಂದು ಫೋಟೋ, ಬುಡದ್ದು ಒಂದು ಫೋಟೋ. ಆಮೇಲೆ ಮನೇಲಿ ಹಿರಿಯರು ಯಾರಿದ್ದಾರೋ ಅವರನ್ನ ಕೂರಿಸಿ ನಾಲ್ಕು ಪ್ರಶ್ನೆ ಕೇಳಿ. ಯಾರು ತಂದಿದ್ದು? ಎಲ್ಲಿಂದ? ಯಾವಾಗ? ಮಾಡಿದವರು ಯಾರು ಅಂತ ಗೊತ್ತಾ? ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಲೇ ಬರೀರಿ. ಊಹೆ ಆದ್ರೆ ಊಹೆ ಅಂತ ಬರೀರಿ. ಅರಮನೆ ಸೇರಿಸಬೇಡಿ.

ನಾಲ್ಕನೇ ಪ್ರಶ್ನೆ ಮರೀಬೇಡಿ. ಏಳುನೂರು ವರ್ಷದಿಂದ ಖಾಲಿ ಇರೋದು ಅದೇ ಎಂಟ್ರಿ. ನಿಮ್ಮೂರಿನ ಕುಂಬಾರರ ಹೆಸರು, ಕಂಚುಗಾರರ ಹೆಸರು ನಿಮ್ಮಜ್ಜಿಗೆ ಇನ್ನೂ ನೆನಪಿರಬಹುದು. ಮುಂದಿನ ವರ್ಷ ಇರುತ್ತೆ ಅಂತ ಗ್ಯಾರಂಟಿ ಇಲ್ಲ.

ಇನ್ಮೇಲೆ ಯಾರಾದ್ರೂ ಹಳೇ ವಸ್ತು ತೋರಿಸಿ "ಹೇಗಿದೆ?" ಅಂದ್ರೆ, ಮೊದಲು ಚೆನ್ನಾಗಿದೆ ಅನ್ನಿ, ಅದು ಮರ್ಯಾದೆ. ಆಮೇಲೆ ಕೇಳಿ: ಯಾರ ಮನೇದು?

ಬರೆದಿದ್ದನ್ನ ಫೋಟೋ ಜೊತೆ ಕಳಿಸಿ, ಒಂದೊಂದಾಗಿ ಸ್ಟೋರಿಗೆ ಹಾಕ್ತೀನಿ. "ಯಾರದಾದ್ರೆ ಏನು" ಅಂದ ಗೆಳೆಯರೇ, ನಿಮ್ಮದೇ ಮೊದಲು ಬರಲಿ. ಕಾಯ್ತಿರ್ತೀನಿ.

#ಯಾರಮನೇದು #ಬುಡತಿರುಗಿಸಿನೋಡಿ #ಬಿಕಾಂಹುಚ್ಚು